ಅಕ್ಕಿ ಮೂಟೆ ಇದ್ದರೆ ಸಾಕೇ?

ಟೋಕಿಯೊದಲ್ಲಿ ಕನ್ನಡಿಗರು ಸೇರಿದಾಗ ಭೂಕಂಪದ ಮಾತು ಬಂದರೆ ಯಾರಾದರೊಬ್ಬರು ಹೇಳುತ್ತಾರೆ, 'ನಮ್ಗೇನ್ರೀ, ಮನೇಲಿ ಅಕ್ಕಿ ಮೂಟೆ ಇದೆ, ಬೇಳೆ ಇದೆ.' ಇದ್ದರೇನು, ಬೇಯಿಸೋದು ಹೇಗೆ? ನಡುಕ ಜೋರಾದರೆ ಇಲ್ಲಿನ ಗ್ಯಾಸ್ ಮೀಟರ್ ತಾನಾಗಿಯೇ ಬಂದ್ ಆಗುತ್ತದೆ. ನಲ್ಲಿ ನೀರೂ ನಿಲ್ಲಬಹುದು. ತೊಗರಿಬೇಳೆಗೆ ನೀರೂ ಬೇಕು, ಉರಿಯೂ ಬೇಕು.

ಜಪಾನಿಗಳ ಲೆಕ್ಕ ಶುರುವಾಗೋದೇ ಅಲ್ಲಿಂದ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಸುತ್ತಲಿನ ಕಾಂಟೊ ಪ್ರದೇಶದಲ್ಲಿ ದೊಡ್ಡ ಭೂಕಂಪ ಆಯಿತು. ಈಗ ಪ್ರತಿವರ್ಷ ಆ ದಿನ ದೇಶದ ತುಂಬ ವಿಪತ್ತಿನ ತಾಲೀಮು ನಡೆಯುತ್ತದೆ. ಕಡಿಮೆ ಅಂದರೂ 3 ದಿನಕ್ಕೆ, ಸಾಧ್ಯವಾದರೆ ಒಂದು ವಾರಕ್ಕೆ ಆಗುವಷ್ಟು ಊಟ ಮನೆಯಲ್ಲಿರಲಿ ಅನ್ನುತ್ತದೆ ಸರ್ಕಾರ. ಅಂಗಡಿಯಲ್ಲಿ 'ಆಲ್ಫಾ ಅಕ್ಕಿ' ಸಿಗುತ್ತದೆ. ಅನ್ನ ಮಾಡಿ ಒಣಗಿಸಿದ್ದು. ಪೊಟ್ಟಣಕ್ಕೆ ಬಿಸಿನೀರು ಹೊಯ್ದರೆ 15 ನಿಮಿಷ, ತಣ್ಣೀರಾದರೆ ಒಂದು ಗಂಟೆ. 5 ವರ್ಷ ಕೆಡೋದಿಲ್ಲ. ರುಚಿ ಮಾತ್ರ ಕೇಳಬೇಡಿ.

ನನ್ನ ಓಟು ಅವಲಕ್ಕಿಗೆ. ತೆಳು ಅವಲಕ್ಕಿಗೆ ನೀರು ಚಿಮುಕಿಸಿದರೆ ಸಾಕು, ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಗೊಜ್ಜಿನ ಪುಡಿ ಕಲಸಿದರೆ ಊಟ. ರಾಗಿ ಹುರಿಹಿಟ್ಟಿಗೆ ಬೆಲ್ಲ, ನೀರು, ಅಷ್ಟೇ. ಬಿಜಾಪುರ, ಬಾಗಲಕೋಟೆ ಕಡೆಯವರಿಗಂತೂ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಒಲೆಯ ಹಂಗೇ ಇಲ್ಲ. ಅವಲಕ್ಕಿ ಐದು ವರ್ಷ ಬಾಳುವುದಿಲ್ಲ ನಿಜ, ಕೆಲವೇ ತಿಂಗಳಲ್ಲಿ ಮುಗ್ಗಲು ವಾಸನೆ ಬರುತ್ತದೆ. ಆದರೆ ವಾರಕ್ಕೊಮ್ಮೆ ತಿಂಡಿಗೆ ಮಾಡುವ ಮನೆಯಲ್ಲಿ ಅದು ಮುಗ್ಗೋದು ಯಾವಾಗ? ಹಳೇದು ತಿಂದು ಹೊಸದು ತುಂಬಿಸಿ ಅಂತ ಇಲ್ಲಿನ ಸರ್ಕಾರವೂ ಈಗ ಅದನ್ನೇ ಹೇಳುತ್ತಿದೆ. ಚೀಲ ಕಟ್ಟಿ ಅಟ್ಟಕ್ಕೆ ಎಸೆದು ಮರೆಯುವ ಪದ್ಧತಿ ನನಗಂತೂ ಒಗ್ಗಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಜಪಾನಿಗಳೇ ಸರಿ. ನಾವು ಕಾಳುಕಡಿ ಎಣಿಸುತ್ತೇವೆ, ನೀರು ಎಣಿಸೋದಿಲ್ಲ. ತಲೆಗೆ ದಿನಕ್ಕೆ 3 ಲೀಟರ್. ನಾಲ್ಕು ಜನರ ಮನೆಗೆ ವಾರಕ್ಕೆ 84 ಲೀಟರ್, ಅಂದರೆ 2 ಲೀಟರಿನ ದೊಡ್ಡ ಬಾಟಲಿ 42. ಇಲ್ಲಿನ ಗೂಡಿನಂಥ ಫ್ಲಾಟಿನಲ್ಲಿ ಇಡೋದೆಲ್ಲಿ? ಮಂಚದ ಕೆಳಗೆ, ಬಟ್ಟೆ ಕಪಾಟಿನ ತಳದಲ್ಲಿ, ಸಿಕ್ಕ ಸಂದಿಯಲ್ಲಿ. ಅಷ್ಟು ಆಗದಿದ್ದರೆ ಮೂರು ದಿನದ 36 ಲೀಟರಾದರೂ ಇರಲೇಬೇಕು.