ಅಂಗಳದಲ್ಲಿ ಹಪ್ಪಳ, ಮೂಡಲ್ಲಿ ಮೋಡ

ಮೇ ತಿಂಗಳಲ್ಲಿ ಕರಾವಳಿಯ ಜನ ಹವಾಮಾನ ವರದಿ ಕೇಳುವುದು ಹವೆ ಹೇಗಿದೆ ಎಂದು ತಿಳಿಯಲಿಕ್ಕಲ್ಲ. ಅಂಗಳದಲ್ಲಿ ಏನು ಹರಡಿದ್ದಾರೋ ಅದಕ್ಕಾಗಿ. ಹಲಸಿನ ಹಪ್ಪಳ ಹರಡಿದವರ ಚಿಂತೆ ಒಂದು ಬಗೆ, ಚಾಲಿ ಅಡಿಕೆ ಹರಡಿದವರದ್ದು ಇನ್ನೊಂದು ಬಗೆ. ಮಗಳ ಮದುವೆಗೆ ಶಾಮಿಯಾನ ಹಾಕಿಸಿದವರ ಪಾಡಂತೂ ಕೇಳಲೇಬೇಡಿ. ಶಾಮಿಯಾನದವನೂ ವರದಿ ನೋಡಿಯೇ ಬಂದಿರುತ್ತಾನೆ. "ಶೀಟ್ ಹಾಕುವುದಾದ್ರೆ ರೇಟು ಬೇರೆ ಆಗ್ತದೆ" ಎಂದು ಮೊದಲೇ ಹೇಳಿಬಿಡುತ್ತಾನೆ.

ವರದಿ ಮಾತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ. "ಕರಾವಳಿಯ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ. ಉತ್ತರ ಒಳನಾಡಿನಲ್ಲಿ ಒಣಹವೆ ಇರಲಿದೆ." ಮುಗಿಯಿತು. ಈ ‘ಒಂದೆರಡು ಕಡೆ’ ಕೇಳಿ ನಗುವವರೇ ಜಾಸ್ತಿ. ಎಲ್ಲಾದರೂ ಒಂದು ಕಡೆ ಬಂದೇ ಬರುತ್ತದೆ, ಹೇಳಿದವರು ಬಚಾವ್ ಅನ್ನುತ್ತಾರೆ. ಆದರೆ ಅದು ಸುಮ್ನೆ ಹೇಳುವ ಮಾತಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ವಿಭಾಗದ ಮಳೆಮಾಪನ ಕೇಂದ್ರಗಳ ಪೈಕಿ ಶೇ 25ರಷ್ಟು ಕಡೆ ಮಳೆ ಬಿದ್ದರೂ ಅದು ಒಂದೆರಡು ಕಡೆಯೇ. ಅರ್ಧ ದಾಟಿದ ಮೇಲೆ ‘ಹಲವು ಕಡೆ’, ಮುಕ್ಕಾಲು ದಾಟಿದರೆ ‘ಬಹುತೇಕ ಕಡೆ’. ಹಪ್ಪಳ ನೆನೆಯಲು ಕಾಲು ಭಾಗ ಧಾರಾಳ ಸಾಕಲ್ವಾ?

ಮೇ ಮಳೆಯ ಸ್ವಭಾವವೇ ಹಾಗೆ. ಬೆಳಗ್ಗಿನಿಂದ ನೆಲ ಕಾಯುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಒದ್ದೆ ಹವೆಯನ್ನು ಹೊತ್ತುಕೊಂಡು ಒಳಗೆ ಬರುತ್ತದೆ. ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮಧ್ಯಾಹ್ನ ದಾಟುವಾಗ ಅಲ್ಲಿ ಮೋಡ ಕಟ್ಟಿ, ಸಂಜೆ ಕೆಳಗಿಳಿಯುತ್ತದೆ. ಕಾರ್ಕಳದಲ್ಲಿ ಧೋ ಎಂದು ಸುರಿಯುವಾಗ ಮಲ್ಪೆಯಲ್ಲಿ ಬರೀ ಗುಡುಗು. ಹಾಗಾಗಿ ಮೇ ತಿಂಗಳಲ್ಲಿ ನಮ್ಮವರು ಆಕಾಶ ನೋಡುವುದು ಮೂಡು ದಿಕ್ಕಿಗೆ. ಜೂನ್ ಬಂದ ಮೇಲೆ ಪಡು ದಿಕ್ಕಿಗೆ ತಿರುಗುತ್ತಾರೆ, ಮುಂಗಾರು ಬರುವುದು ಕಡಲಿನಿಂದ ತಾನೇ.

ಹಪ್ಪಳದ ದಿನ ನಮ್ಮ ಅತ್ತಿಗೆಯ ಕಣ್ಣು ಪೂರ್ತಿ ಮೂಡು ಬದಿಗೇ ಇರುತ್ತದೆ. ಬೆಳಗ್ಗೆಯೇ ಹಲಸಿನ ಸೊಳೆ ಬೇಯಿಸಿ, ಮೆಣಸು, ಉಪ್ಪು, ಕೊತ್ತಂಬರಿ ಹಾಕಿ ರುಬ್ಬಿ ಆಗಿರುತ್ತದೆ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು, ಮಣೆಯಿಂದ ಒಂದು ಒತ್ತು. ಚಾಪೆಯ ತುಂಬಾ ಸಾಲು ಹಪ್ಪಳ. ಕಾಗೆ ಓಡಿಸಲು ಕೋಲು ಹಿಡಿದ ಒಬ್ಬ ಹುಡುಗ, ಅವನ ಕಣ್ಣು ಮೊಬೈಲಿನಲ್ಲಿ. ಮೂರು ಗಂಟೆಗೆ ಅಂಚು ಸ್ವಲ್ಪ ಮೇಲೆದ್ದು ಚಾಪೆ ಬಿಡುವಷ್ಟರಲ್ಲಿ ಘಟ್ಟದ ಕಡೆ ಕಪ್ಪಾಗುತ್ತದೆ. "ಮೂಡಲ್ಲಿ ಮೋಡ ಬಂತು ಮಾರಾಯಾ, ಚಾಪೆಯ ಆ ತುದಿ ಹಿಡಿ!" ಆ ಹೊತ್ತಿಗೆ ಅವರಿಗೆ ರಾಡಾರೂ ಬೇಡ, ಉಪಗ್ರಹವೂ ಬೇಡ.

ಒಳನಾಡಿನವರಿಗೆ ನಮ್ಮ ಬೇಸಿಗೆ ಅಂಕಿಯಲ್ಲಿ ಅರ್ಥವಾಗುವುದಿಲ್ಲ. ಕಲಬುರಗಿಯಲ್ಲಿ 42 ಡಿಗ್ರಿ, ಮಂಗಳೂರಿನಲ್ಲಿ 34. "ನಿಮ್ಮಲ್ಲಿ ತಂಪಿರಬೇಕಲ್ರೀ" ಎನ್ನುತ್ತಾ ಅಲ್ಲಿಂದ ಬಂದ ನೆಂಟರು ಎರಡನೇ ದಿನ ಫ್ಯಾನಿನ ಕೆಳಗಿಂದ ಏಳುವುದಿಲ್ಲ. ಇಲ್ಲಿ ಬೆವರು ಬರುತ್ತದೆ, ಆರುವುದಿಲ್ಲ. ಇಲಾಖೆಗೂ ಇದು ಗೊತ್ತಿದೆ. ಬಿಸಿಗಾಳಿ ಎಂದು ಘೋಷಿಸಬೇಕಾದರೆ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಕರಾವಳಿಗೆ 37 ಸಾಕು. ಮೂರು ಡಿಗ್ರಿ ರಿಯಾಯಿತಿ ಕೊಟ್ಟಿದ್ದಾರೆ. ಸೆಕೆಗೆ ಮಾತ್ರ ರಿಯಾಯಿತಿ ಇಲ್ಲ.

ವರದಿಯನ್ನು ಎಲ್ಲರಿಗಿಂತ ಗಂಭೀರವಾಗಿ ಕೇಳುವವರು ಅಡಿಕೆ ತೋಟದವರು. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮದ್ದು ಬಿಡಬೇಕು. ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಬೋರ್ಡೋ ದ್ರಾವಣ ಮಾಡುವುದು ಕಷ್ಟವಲ್ಲ. ಮರ ಹತ್ತುವವನು ಸಿಗುವ ದಿನ, ಮಳೆ ಇಲ್ಲದ ದಿನ, ಎರಡೂ ಒಂದೇ ದಿನ ಬರುವುದು ಕಷ್ಟ. ಬಿಟ್ಟ ಮದ್ದು ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಬಂದರೆ ಹಣವೂ ಹೋಯಿತು, ಮರ ಹತ್ತಿದವನ ಕೂಲಿಯೂ ಹೋಯಿತು.

2025ರಲ್ಲಿ ಹೀಗೇ ಆಯಿತು. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಆ ವರ್ಷ ಮೇ 27ಕ್ಕೆ ಬರಬಹುದು, ನಾಲ್ಕು ದಿನ ಹಿಂದೆಮುಂದೆ ಆಗಬಹುದು ಎಂದು ಇಲಾಖೆ ಹೇಳಿತ್ತು. ಬಂದದ್ದು ಮೇ 24ಕ್ಕೆ. 2009ರ ನಂತರ ಅಷ್ಟು ಬೇಗ ಬಂದದ್ದೇ ಇಲ್ಲ. ಹೇಳಿದ ಗಡುವಿನೊಳಗೇ ಬಂತು ನಿಜ, ಆದರೆ ಆ ನಾಲ್ಕು ದಿನದ ರಿಯಾಯಿತಿಯನ್ನು ಎಲ್ಲರೂ ಮುಂದಕ್ಕೇ ಲೆಕ್ಕ ಹಾಕಿಕೊಂಡಿದ್ದರು. ಹೆಂಚು ಕೈಯಾಡಿಸಿರಲಿಲ್ಲ, ಕಟ್ಟಿಗೆ ಒಳಗೆ ಬಂದಿರಲಿಲ್ಲ. ತುಳುನಾಡಿನ ಹಿರಿಯರು ಮಾತ್ರ ಗೆದ್ದವರಂತೆ ಕೂತಿದ್ದರು. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಲೇಬೇಕು ಎನ್ನುವುದು ಅವರ ವಾದ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಆ ದಿನ ಬರುವುದು ಮೇ 24ರ ಆಸುಪಾಸಿನಲ್ಲೇ. ‘ಭರಣಿ ಸುರಿದರೆ ಧರಣಿ ಬದುಕೀತು’ ಎನ್ನುವವರಿಗೆ ಇಲಾಖೆಯ ವೆಬ್‌ಸೈಟ್ ತೋರಿಸಿ ಪ್ರಯೋಜನವಿಲ್ಲ. 2023ರಲ್ಲಿ ಮುಂಗಾರು ಜೂನ್ 8ರ ತನಕ ಕಾಯಿಸಿತಲ್ಲ, ಆ ಸುದ್ದಿ ಎತ್ತಿದರೆ ಮಾತು ಬದಲಾಯಿಸುತ್ತಾರೆ.

ಇದೇ ವರದಿಯ ಕೊನೆಗೆ ಕಡಲಿನ ಬಗ್ಗೆ ಎರಡು ಸಾಲು ಇರುತ್ತದೆ. "ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ ಬೀಸಲಿದ್ದು, ಮೀನುಗಾರರು ಕಡಲಿಗೆ ಇಳಿಯಬಾರದು." ನೆಲದವರು ಅಷ್ಟರಲ್ಲಿ ಎದ್ದು ಊಟಕ್ಕೆ ಹೋಗಿರುತ್ತಾರೆ. ನನ್ನ ಪ್ರಕಾರ ಇಡೀ ವರದಿಯ ತೂಕ ಇರುವುದು ಆ ಎರಡು ಸಾಲಿನಲ್ಲೇ. ಇಲ್ಲಿ ಲೆಕ್ಕ ತಪ್ಪಿದರೆ ಹಪ್ಪಳ ಹೋಗುತ್ತದೆ, ಅಷ್ಟೇ. ಆಳಸಮುದ್ರಕ್ಕೆ ಹೋದ ಬೋಟು ಐಸ್, ಡೀಸೆಲ್, ಅಕ್ಕಿ ತುಂಬಿಕೊಂಡು ವಾರಗಟ್ಟಲೆ ನೀರಿನ ಮೇಲೆ ಇರುತ್ತದೆ. ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ನೀರು ಚೆನ್ನಾಗಿ ಕಾದಿರುತ್ತದೆ, ಚಂಡಮಾರುತ ಏಳುವ ಹೊತ್ತು ಅದು. 2021ರ ಮೇ ತಿಂಗಳಲ್ಲಿ ತೌಕ್ತೆ ಗುಜರಾತಿಗೆ ಹೋಗುವ ದಾರಿಯಲ್ಲಿ ನಮ್ಮ ಕರಾವಳಿಯನ್ನು ಸವರಿಕೊಂಡೇ ಹೋಯಿತು.

ಇನ್ನೂ ಒಂದು ವಿಚಿತ್ರ ಇದೆ. ಬಿಸಿಲು ಚೆನ್ನಾಗಿದೆ, ಎಲೆ ಅಲ್ಲಾಡುವಷ್ಟೂ ಗಾಳಿ ಇಲ್ಲ, ಆದರೂ ಅಲೆ ಎದ್ದು ದಡಕ್ಕೆ ನುಗ್ಗುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಂದೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿ.ಮೀ. ದಾಟಿ ಇಲ್ಲಿಗೆ ಮುಟ್ಟುವ ಬಗೆ ಅದು. ಕೇರಳದವರು ಕಳ್ಳಕ್ಕಡಲ್ ಎನ್ನುತ್ತಾರೆ. ಅದರ ಮುನ್ಸೂಚನೆ ಕೊಡುವ ಕೇಂದ್ರ ಇರುವುದು ಹೈದರಾಬಾದಿನಲ್ಲಿ! ಕಡಲೇ ಇಲ್ಲದ ಊರಲ್ಲಿ ಕೂತು ನಮ್ಮ ಕಡಲಿನ ನಾಳೆಯನ್ನು ಹೇಳುತ್ತಾರೆ, ಮತ್ತು ಬಂದರಿನವರು ಅದನ್ನು ನಂಬುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟುಗಳು ದಡಕ್ಕೆ ಬರುತ್ತವೆ, ಬಲೆಗಳು ರಿಪೇರಿಗೆ ಹೋಗುತ್ತವೆ. ಕಡಲಿಗೆ ಇಳಿಯಲು ಉಳಿಯುವುದು ನಾಡದೋಣಿಯವರು ಮಾತ್ರ. ಅವರು ಕಾಯುವುದು ತೂಫಾನಿಗೆ. ಕಡಲು ಒಮ್ಮೆ ಎದ್ದು ಕಲಕಿ ಹೋಗಬೇಕು, ಆಮೇಲೆಯೇ ಸಿಗಡಿ ದಡದ ಹತ್ತಿರ ಬರುವುದು ಎನ್ನುತ್ತಾರೆ. ರೆಡ್ ಅಲರ್ಟ್ ಕೇಳಿ ಊರೆಲ್ಲ ಕಿಟಕಿ ಹಾಕಿಕೊಳ್ಳುವಾಗ ಅವರು ಈ ಸಲವಾದರೂ ಸರಿಯಾಗಿ ಏಳಲಿ ಅಂದುಕೊಳ್ಳುತ್ತಾರೆ.

ರೆಡ್ ಅಲರ್ಟಿಗೆ ಕಾಯುವವರು ಇನ್ನೂ ಒಂದು ಗುಂಪಿದೆ. ಶಾಲೆ ಶುರುವಾಯಿತೆಂದರೆ ರಾತ್ರಿ ಊಟದ ಹೊತ್ತಿಗೆ ಮಕ್ಕಳೆಲ್ಲ ಹವಾಮಾನ ತಜ್ಞರಾಗುತ್ತಾರೆ. ಹಳದಿ ಬಂದರೆ ಮುಖ ಸಣ್ಣದಾಗುತ್ತದೆ, ಕಿತ್ತಳೆ ಬಂದರೆ ಆಸೆ ಚಿಗುರುತ್ತದೆ. ಹೋಮ್‌ವರ್ಕ್ ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಜಿಲ್ಲಾಧಿಕಾರಿಗಳ ರಜೆ ಆದೇಶ ಬರುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಸಹಿ ಸರಿ, ಸೀಲು ಸರಿ, ತಾರೀಕು ಮಾತ್ರ ಹೋದ ವರ್ಷದ್ದು.