ಪರರ ಮುಖ ನಮ್ಮ ಗೋಡೆಗೆ

ಬೆಟ್ಟ, ಗದ್ದೆ, ಎರಡು ತೆಂಗಿನಮರ ಇರುವ ಚಿತ್ರವನ್ನು ಮನೆಯಲ್ಲಿ ತೂಗುಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ಸಂಬಂಧವೇ ಇಲ್ಲದ ಒಬ್ಬರ ಮುಖ ಹಾಕಿ ನೋಡಿ. ಕಾಫಿ ಲೋಟ ಕೈಗೆ ಬರುವ ಮೊದಲೇ ಬಂದವರ ಪ್ರಶ್ನೆ ಬರುತ್ತದೆ: "ಇವರ್ಯಾರು? ನಿಮ್ಮ ಕಡೆಯವರಾ?"

ಇಂಡೊನೇಷ್ಯಾದಲ್ಲಿ ಡಚ್ಚರ ಕಾಲಕ್ಕೆ ಚೆನ್ನಾಗಿ ಬಿಕರಿಯಾಗುತ್ತಿದ್ದದ್ದು ಈ ಬೆಟ್ಟ-ಗದ್ದೆ-ತೆಂಗಿನ ಚಿತ್ರಗಳೇ. ಊರಿಗೆ ವಾಪಸ್ ಹೋಗುವವರಿಗೆ ಒಳ್ಳೆಯ ನೆನಪಿನ ಕಾಣಿಕೆ, ಅಲ್ವಾ? ಕಲಾವಿದ ಸುಜೊಯೊನೊ ಅವರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. 1938ರಲ್ಲಿ ಗೆಳೆಯರ ಜೊತೆ 'ಪರ್ಸಾಗಿ' ಎಂಬ ಚಿತ್ರಕಾರರ ಸಂಘ ಕಟ್ಟಿದರು. ಮರುವರ್ಷ ತೆರೆದ ಸೊಳ್ಳೆಪರದೆಯ ಮುಂದೆ ಕುಳಿತ ಒಬ್ಬ ಹೆಂಗಸನ್ನು ಬರೆದರು. ಅವಳು ನಗುವುದಿಲ್ಲ. ನೇರವಾಗಿ ನೋಡುತ್ತಾಳೆ, ನೋಡುವವರೇ ಕಣ್ಣು ತಪ್ಪಿಸಬೇಕು. ಆ ಚಿತ್ರ ಆಮೇಲೆ ಅಧ್ಯಕ್ಷ ಸುಕಾರ್ನೊ ಅವರ ಸಂಗ್ರಹ ಸೇರಿತು. ದೇಶ ಆಳುವವರ ಗೋಡೆಗೂ ಅಂಥ ನೋಟ ಬೇಕೆನಿಸಿತಲ್ಲ, ಅದು ನನಗೆ ಇಷ್ಟ.

ಇನ್ನು ಅಫಾಂಡಿ, ಇಂಡೊನೇಷ್ಯಾದವರೇ ಆದ ಇನ್ನೊಬ್ಬ ಕಲಾವಿದ. ಇವರು ಮತ್ತೆ ಮತ್ತೆ ಬರೆದದ್ದು ತಮ್ಮದೇ ಮುಖವನ್ನು. ಚೆಲುವ ಎಂದು ತೋರಿಸಿಕೊಳ್ಳಲಂತೂ ಅಲ್ಲ. ಕೆದರಿದ ಕೂದಲು, ಸುಕ್ಕು, ಬಾಯಲ್ಲೊಂದು ಪೈಪು. ಬ್ರಷ್ಷಿನ ಉಸಾಬರಿಯೇ ಬೇಡವೆಂದು ಬಣ್ಣದ ಟ್ಯೂಬನ್ನು ನೇರ ಕ್ಯಾನ್‌ವಾಸಿನ ಮೇಲೆ ಹಿಂಡಿ, ಬೆರಳಿನಿಂದ ಎಳೆಯುತ್ತಿದ್ದರು. ಹತ್ತಿರ ಹೋದರೆ ಬರೀ ಬಣ್ಣದ ಹಗ್ಗಗಳು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮನುಷ್ಯ. 1949ರಲ್ಲಿ ನಮ್ಮ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಶಾಂತಿನಿಕೇತನಕ್ಕೆ ಕಲಿಯಲು ಬಂದರೆ, ನಿಮಗೆ ಕಲಿಸುವುದು ಏನೂ ಉಳಿದಿಲ್ಲ ಅಂದರಂತೆ ಅಲ್ಲಿನವರು. ಅದೇ ದುಡ್ಡಲ್ಲಿ ಭಾರತ ಸುತ್ತಿ ಚಿತ್ರ ಬರೆದರು. ವಿದ್ಯಾರ್ಥಿವೇತನ ಇದಕ್ಕಿಂತ ಚೆನ್ನಾಗಿ ಖರ್ಚಾಗಿದ್ದು ನಾನಂತೂ ಕೇಳಿಲ್ಲ.

ಇಂಥ ಮುಖಗಳನ್ನು ಕೊಂಡು ಕೂಡಿಡುವ ರಾಯಭಾರಿಗಳೂ ಇದ್ದಾರೆ. ಯಾಕೆ ಎಂದು ಯೋಚಿಸುತ್ತೇನೆ. ಅವರ ಕೆಲಸವೇ ಮುಖದಲ್ಲಿ ಏನೂ ಕಾಣದಂತೆ ನೋಡಿಕೊಳ್ಳುವುದು. ಸಿಟ್ಟು ಬಂದರೂ ನಗು, ಗೆದ್ದರೂ ಅದೇ ನಗು. ದಿನವಿಡೀ ಅಂಥವರ ನಡುವೆ ಕುಳಿತು ಮನೆಗೆ ಬಂದಾಗ, ಏನನ್ನೂ ಮುಚ್ಚಿಡದ ಒಂದು ಮುಖ ಎದುರಿಗಿದ್ದರೆ ಹಾಯ್ ಎನಿಸಬಹುದು.

ಇಂಡೊನೇಷ್ಯಾದ ಆಡಮ್ ಮಲಿಕ್ ಅವರನ್ನೇ ನೋಡಿ. ಗಿಡ್ಡ ಆಳು, ಚುರುಕು ಬುದ್ಧಿ. 1959ರಲ್ಲಿ ಮಾಸ್ಕೋಗೆ ರಾಯಭಾರಿಯಾಗಿ ಹೋದರು. ಮುಂದೆ ವಿದೇಶಾಂಗ ಸಚಿವ, 1971ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷ, ಕೊನೆಗೆ ಉಪರಾಷ್ಟ್ರಪತಿ. ಎಲ್ಲಾ ಸರಿಮಾಡಬಹುದು ಬಿಡಿ ಎನ್ನುವುದು ಅವರ ಹೆಸರಿಗೇ ಅಂಟಿಕೊಂಡ ಮಾತು. ಜೊತೆಗೆ ಸಂಗ್ರಹದ ಹುಚ್ಚು: ಹಳೆಯ ಪಿಂಗಾಣಿ, ವರ್ಣಚಿತ್ರಗಳು, ರಷ್ಯಾದ ಐಕಾನ್‌ಗಳು. ಐಕಾನ್ ಅಂದರೂ ಮುಖವೇ ತಾನೆ? ಚಿನ್ನದ ಬಣ್ಣದ ನಡುವೆ ದೊಡ್ಡ ಕಣ್ಣಿನ ಸಂತರು. ಕಮ್ಯುನಿಸ್ಟ್ ರಾಜಧಾನಿಯಲ್ಲಿ ಕೆಲಸ, ಮುಸ್ಲಿಂ ಮನೆತನ, ಕೂಡಿಟ್ಟದ್ದು ಕ್ರೈಸ್ತ ಸಂತರ ಮುಖ. ಸಂಗ್ರಹದ ಹುಚ್ಚಿಗೆ ಪಾಸ್‌ಪೋರ್ಟ್ ಕೇಳುವವರಿಲ್ಲ.

1984ರಲ್ಲಿ ಅವರು ತೀರಿಕೊಂಡರು. ಮರುವರ್ಷ ಜಕಾರ್ತಾದ ಮೆಂಟೆಂಗ್ ಬಡಾವಣೆಯ ಅವರ ಮನೆ ಮ್ಯೂಸಿಯಂ ಆಯಿತು. ಆದರೆ ಮ್ಯೂಸಿಯಂ ನಡೆಸಲು ದುಡ್ಡು ಬೇಕಲ್ಲ. ಅದು ಮುಚ್ಚಿ, ಕೂಡಿಟ್ಟದ್ದೆಲ್ಲ ಹಂಚಿಹೋಯಿತು. ಸರಿಮಾಡಲು ಆಗದೇ ಹೋದದ್ದು ಇದೊಂದೇ ಇರಬೇಕು.

ಅಫಾಂಡಿ ಈ ವಿಷಯದಲ್ಲಿ ಜಾಣರು. ಯೋಗ್ಯಕರ್ತಾದ ಗಜಾ ವೋಂಗ್ ನದಿಯ ದಡದಲ್ಲಿ ಬಾಳೆ ಎಲೆಯ ಆಕಾರದ ಸೂರಿನಡಿ ತಾವೇ ಮನೆ ಮತ್ತು ಮ್ಯೂಸಿಯಂ ಕಟ್ಟಿಕೊಂಡರು. ಅವರ ಸಮಾಧಿಯೂ ಅದೇ ಆವರಣದಲ್ಲಿದೆ. ಅಲ್ಲಿನ ಮೊದಲ ಗ್ಯಾಲರಿಯ ಚಿತ್ರಗಳನ್ನು ಯಾವ ದೇಶದ ರಾಯಭಾರಿ ಬಂದು ಕೇಳಿದರೂ ಮಾರುವುದಿಲ್ಲ.