ಮಳೆಯಲ್ಲಿ ಗಾಲ್ಫ್: ಆ ಮೆಸೇಜ್‌ನಲ್ಲಿ ಇರೋದು ಸರಿಯಲ್ಲ

"ಮಳೆ ಬಂದರೆ ಗಾಲ್ಫ್ ನಿಲ್ಲಿಸಬೇಕು ಅನ್ನೋದು ನಿಯಮ. ಆದರೆ ಗುಡುಗಿದರೆ ಭಯ ಬೇಡ, ಕ್ಲಬ್‌ನ (ಗಾಲ್ಫ್ ಕೋಲಿನ) ಹಿಡಿಯೂ ಶೂ ಅಡಿಯೂ ರಬ್ಬರ್ ಅಲ್ವಾ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಲೆಕೆಳಗು.

ಬರೀ ಮಳೆಗೆ ಆಟ ನಿಲ್ಲಿಸಿ ಅಂತ ನಿಯಮ ಎಲ್ಲೂ ಹೇಳುವುದಿಲ್ಲ. ಸ್ಪರ್ಧೆಯಲ್ಲಿ ಮಳೆ ಬಂತೆಂದು ಸುಮ್ನೆ ನೀವೇ ನಿಲ್ಲಿಸಿದರೆ ಅನರ್ಹರಾಗಬಹುದು. ಚೆಂಡು ಮಳೆಗೆ ತಾತ್ಕಾಲಿಕವಾಗಿ ನಿಂತ ನೀರಿನಲ್ಲಿ ಬಿದ್ದರೆ ದಂಡವಿಲ್ಲದೆ ಎತ್ತಿಕೊಳ್ಳಬಹುದು. ಆದರೆ ಸಿಡಿಲಿನ ಅಪಾಯ ಅನಿಸಿದರೆ ಯಾರನ್ನೂ ಕೇಳದೆ ಆಟ ಬಿಟ್ಟು ಬರಲು ಗಾಲ್ಫ್ ನಿಯಮ 5.7 ಬಿಡುತ್ತದೆ. ಆಯೋಜಕರ ಸೈರನ್ ಒಂದೇ ಸಮನೆ ಉದ್ದಕ್ಕೆ ಕೂಗಿದರಂತೂ ಮುಂದಿನ ಹೊಡೆತಕ್ಕೂ ಅವಕಾಶವಿಲ್ಲ.

ಇನ್ನು ರಬ್ಬರ್ ವಿಷಯ. ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿಕೊಂಡು ಬರುವ ಸಿಡಿಲಿಗೆ ಬೆರಳಗಲದ ರಬ್ಬರ್ ಯಾವ ಲೆಕ್ಕ? 1975ರಲ್ಲಿ ಶಿಕಾಗೋ ಹತ್ತಿರ ವೆಸ್ಟರ್ನ್ ಓಪನ್ ಟೂರ್ನಿಯಲ್ಲಿ ಅಮೆರಿಕದ ಗಾಲ್ಫ್ ಆಟಗಾರ ಲೀ ಟ್ರೆವಿನೊ ಕ್ಲಬ್ ಬೀಸುತ್ತಲೂ ಇರಲಿಲ್ಲ, ಬ್ಯಾಗಿಗೆ ಒರಗಿ ಕೂತಿದ್ದರು. ಸಿಡಿಲಿನ ಪೆಟ್ಟಿಗೆ ಬೆನ್ನು ಕೆಟ್ಟು ಶಸ್ತ್ರಚಿಕಿತ್ಸೆ ಆಯಿತು.

ಮರದಡಿ ನಿಲ್ಲಬೇಡಿ, ಅದು ಇನ್ನೂ ಜಾಸ್ತಿ ಅಪಾಯ. ಗಟ್ಟಿ ಕಟ್ಟಡ ಸೇರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಬೆಂಗಳೂರಿನ ಜುಲೈ ಜಿಟಿಜಿಟಿಗೆ ಒಣ ಟವೆಲ್ ಸಾಕು. ಏಪ್ರಿಲ್-ಮೇ ಸಂಜೆಯ ಗುಡುಗುಮಳೆಗೆ ಸಾಲದು.